ಅಜಂತಾಕ್ಕೆ ಹೋದ ಕಲ್ಲುಕುಟಿಗ

ಅಪ್ಪನ ಬಲಗಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಕೊಪ್ಪಳದ ಡಾಕ್ಟರು ಇನ್ನೊಮ್ಮೆ ನೋಡಿ, ಕಣ್ಣು ಚೆನ್ನಾಗಿದೆ ಅಂದರು. ಕುಷ್ಟಗಿಗೆ ವಾಪಸ್ ಹೋಗಲು ಅವಸರವೇನೂ ಇರಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ ಅಪ್ಪ, "ಹೊಸಾ ಕಣ್ಣು ಬಂದೈತಿ, ಏನರ ತೋರಸವ್ವಾ" ಅಂದ.

ನಾನು ಯಲಬುರ್ಗಾ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಗವಿಮಠದ ಬೆಟ್ಟದ ಮೇಲಿನ ಅಶೋಕನ ಶಾಸನಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಅಪ್ಪ ಮಠಕ್ಕೆ ಎಷ್ಟೋ ಸಲ ಬಂದಿದ್ದರೂ ಅದನ್ನು ನೋಡಿರಲಿಲ್ಲ. ನಿಧಾನಕ್ಕೆ ಹತ್ತಿಸಿದೆ. ಬುದ್ಧನ ದಾರಿ ಹಿಡಿದ ರಾಜ ಬರೆಸಿದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು ಅಂತ ಹೇಳಿದೆ. ಏನು ಬರೆದಿದೆ ಅಂತ ಅಪ್ಪ ಕೇಳಲಿಲ್ಲ. ಬಗ್ಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಿಸಿಲು ಬೀಳುವ ಕಡೆಯಿಂದ ಅಕ್ಷರಗಳನ್ನು ನೋಡಿದ.

"ಹೇಳಿದಂವ ರಾಜ ಇರಬೌದು. ಕಡದಂವ ನನ್ನಂಥವ. ಇಂಥಾ ಬಿರಸು ಕಲ್ಲಾಗ ಒಂದೀಟೂ ಅವಸರ ಮಾಡಿಲ್ಲ ನೋಡು."

ಅಪ್ಪ ನಲವತ್ತು ವರ್ಷ ಕಲ್ಲು ಕಡಿದವನು. ಕುಷ್ಟಗಿ ಸುತ್ತಲಿನ ಕೆಂಪುಕಲ್ಲಿನಲ್ಲಿ ಹೊಸ್ತಿಲು, ಒರಳು, ಬೀಸುಕಲ್ಲು, ಹೊಲದ ಗಡಿಕಂಬ ಮಾಡಿ ನಮ್ಮನ್ನು ಓದಿಸಿದ. ಕಟಿಂಗ್ ಮಷೀನು ಬಂದ ಮೇಲೆ ಕೆಲಸ ನಿಂತಿತು. ಉಳಿ ಸುತ್ತಿಗೆಗಳನ್ನು ಮಾತ್ರ ಎಣ್ಣೆ ಸವರಿ ಇಟ್ಟುಕೊಂಡಿದ್ದ.

"ಈ ಬುದ್ಧನ ಮಂದಿ ಕಡಿಸಿದ್ದು ಇನ್ನ ಎಲ್ಲೆಲ್ಲಿ ಐತಿ?" ಅಂತ ಕೇಳಿದ. ಬಾಯಿಗೆ ಬಂದ ಮೊದಲ ಹೆಸರು ಅಜಂತಾ. ಗುಡ್ಡವನ್ನೇ ಕೊರೆದು ಗುಡಿ ಮಾಡಿದ್ದಾರೆ ಅಂದೆ.

"ಗುಡ್ಡಾನ?"

ಊರಿಗೆ ವಾಪಸಾಗುವ ಬಸ್ಸಿನಲ್ಲಿ ಅದನ್ನೇ ಮತ್ತೆರಡು ಸಲ ಕೇಳಿದ. ದಸರಾ ರಜೆಯಲ್ಲಿ ನಾವಿಬ್ಬರೂ ಹೊರಟೆವು. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ಸೋಲಾಪುರ ದಾಟಿ, ಬಸ್ಸು ಬದಲಿಸಿ, ಮರುದಿನ ಬೆಳಿಗ್ಗೆ ಅಜಂತಾದ ಮೆಟ್ಟಿಲು ಹತ್ತಿದೆವು.

ಮೊದಲ ಗವಿಯಲ್ಲಿ ಜನರೆಲ್ಲ ಗೋಡೆಯ ಚಿತ್ರಗಳಿಗೆ ಮುಗಿಬಿದ್ದಿದ್ದರು. ಅಪ್ಪ ಕತ್ತೆತ್ತಿ ಚಾವಣಿಯ ಮೂಲೆಗಳನ್ನು ನೋಡುತ್ತಿದ್ದ. ಒಳಗಿನ ಬುದ್ಧನ ಮುಂದೆ ಕೈಮುಗಿದು, ಮತ್ತೆ ಮೂಲೆಗಳ ಕಡೆಗೆ ತಿರುಗಿದ. ಹೀಗೇ ಗವಿಯಿಂದ ಗವಿಗೆ ಹೋಗುತ್ತ ಇಪ್ಪತ್ನಾಲ್ಕನೆಯದಕ್ಕೆ ಬಂದೆವು. ಅದು ಅರ್ಧಕ್ಕೇ ಬಿಟ್ಟ ಕೆಲಸ. ಕಂಬಗಳು ಇನ್ನೂ ಒರಟಾಗಿದ್ದವು. ಒಬ್ಬ ಗೈಡು ಹತ್ತು ಹದಿನೈದು ಪ್ರವಾಸಿಗರನ್ನು ನಿಲ್ಲಿಸಿಕೊಂಡು ಹಿಂದಿಯಲ್ಲಿ ಹೇಳುತ್ತಿದ್ದ. ಅವರಲ್ಲಿ ಕಾಷಾಯ ತೊಟ್ಟ ವಯಸ್ಸಾದ ಭಿಕ್ಷುಣಿಯೊಬ್ಬರೂ ಇದ್ದರು.

"ಏನಂತಾನ ಅಂವ?" ಅಪ್ಪ ಕೇಳಿದ.

"ಇದನ್ನ ಹ್ಯಾಂಗ ಮಾಡಿದ್ರೋ ಯಾರಿಗೂ ಗೊತ್ತಿಲ್ಲಂತ. ಮನಷಾರ ಕೈಲಿ ಆಗೂ ಕೆಲಸ ಅಲ್ಲಂತ."

"ಗೊತ್ತಿಲ್ಲ ಅಂದ್ರ? ನನಗ ಗೊತ್ತೈತಿ. ಅವಂಗ ಹೇಳು."

ನನಗೆ ಮುಜುಗರವಾಯಿತು. ತೋಳು ಹಿಡಿದು ಮುಂದೆ ಕರೆದುಕೊಂಡು ಹೋಗೋಣ ಅನ್ನಿಸಿತು. ಹೈಸ್ಕೂಲಿನಲ್ಲಿ ಓದುವಾಗ ಒಂದು ಅರ್ಜಿಯಲ್ಲಿ ತಂದೆಯ ಉದ್ಯೋಗ ಅನ್ನುವ ಕಡೆ ನಾನು 'ಕೃಷಿ' ಅಂತ ಬರೆದಿದ್ದೆ. ನಮಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ಅಪ್ಪ ಅದನ್ನು ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದ್ದ. ಆ ಗವಿಯಲ್ಲಿ ಅದು ನೆನಪಾಯಿತು. ಗೈಡನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದೆ: "ಇವರು ನಮ್ಮ ತಂದೆ. ಕರ್ನಾಟಕದ ಕುಷ್ಟಗಿಯವರು. ಕಲ್ಲುಕುಟಿಗರು. ಇದನ್ನು ಹೇಗೆ ಮಾಡಿದ್ದಾರೆ ಅಂತ ಅವರು ತೋರಿಸ್ತಾರೆ."

ಅಪ್ಪ ಶುರು ಮಾಡಿದ. ಒಂದೊಂದು ಮಾತನ್ನೂ ನಾನು ಹಿಂದಿಗೆ ತಿರುಗಿಸುತ್ತ ಹೋದೆ.

"ಮನಿ ಕಟ್ಟಬೇಕಾದ್ರ ಕೆಳಗಿಂದ ಮ್ಯಾಲ ಹೊಕ್ಕೀವಿ. ಇಲ್ಲಿ ಉಲ್ಟಾ. ಮೊದಲ ಮ್ಯಾಲಿನ ಮಾಳಗಿ ಕಡದಾರ, ಆಮ್ಯಾಲ ಕೆಳಗ ಇಳದಾರ. ಅದಕ ನಿಂದ್ರಾಕ ಅಟ್ಟ ಕಟ್ಟೂ ಕೆಲಸಿಲ್ಲ. ಕಡೀದ ಉಳದ ಕಲ್ಲಿನ ಮ್ಯಾಲ ನಿಂತ ಕಡದಾರ. ಸಂಶೆ ಇದ್ರ ನೋಡ್ರಿ, ಮ್ಯಾಲಿಂದು ನುಣುಪೈತಿ, ಕೆಳಗಿಂದು ಹಂಗ ಐತಿ."

ಎಲ್ಲರೂ ಮೇಲೆ ನೋಡಿದರು, ಕೆಳಗೆ ನೋಡಿದರು. ಅಪ್ಪ ಗೋಡೆಯ ಹತ್ತಿರ ಹೋಗಿ, ಮುಟ್ಟದೆ, ಗೇಣು ದೂರದಿಂದ ಬೆರಳು ಆಡಿಸಿದ. ಉಳಿಯ ಗುರುತುಗಳೆಲ್ಲ ಒಂದೇ ಕಡೆಗೆ ಓರೆಯಾಗಿದ್ದವು. ಮೂಲೆಯಲ್ಲಿ ಎರಡು ಮೊಳದಷ್ಟು ಜಾಗದಲ್ಲಿ ಮಾತ್ರ ಅವು ಅದಕ್ಕೆ ವಿರುದ್ಧ ಕಡೆಗೆ ವಾಲಿದ್ದವು.

"ಇಲ್ಲಿ ಬ್ಯಾರೆಯಂವ ಕುಂತಾನ. ಇಂವ ಎಡಚ."

ಅದನ್ನು ನಾನು ಹಿಂದಿಯಲ್ಲಿ ಹೇಳಿದ ಕೂಡಲೇ ಗುಂಪಿನಲ್ಲಿ ಗದ್ದಲವೆದ್ದಿತು. ಒಬ್ಬರ ಹಿಂದೆ ಒಬ್ಬರು ಬಗ್ಗಿ ಆ ಮೂಲೆ ನೋಡಿದರು. ಗೈಡು ಮೊಬೈಲ್ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅಪ್ಪನಿಗೆ ನಮಸ್ಕಾರ ಮಾಡಿ, "ಬಾಬಾ, ಹನ್ನೆರಡು ವರ್ಷದಿಂದ ಇಲ್ಲಿ ನಿಂತು ಮಾತಾಡ್ತಿದ್ದೀನಿ. ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾಳೆಯಿಂದ ಹೇಳ್ತೀನಿ" ಅಂದ. ಭಿಕ್ಷುಣಿ ಅಪ್ಪನ ಕೈ ನೋಡಬಹುದೇ ಅಂತ ಕೇಳಿದರು. ಅಪ್ಪ ಮೊದಲು ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದ. ಅಲ್ಲಿದ್ದವರ ಮುಂದೆ ನಾನು ಎಷ್ಟು ಎತ್ತರ ನಿಂತಿದ್ದೆನೋ, ನನಗೇ ಗೊತ್ತು.

ಇಪ್ಪತ್ತಾರನೆಯ ಗವಿಗೆ ನಮ್ಮ ಜೊತೆ ಅವರೆಲ್ಲರೂ ಬಂದರು. ಅಲ್ಲಿ ಎಡಗೋಡೆಯ ಉದ್ದಕ್ಕೂ ಬುದ್ಧ ಮಲಗಿದ್ದಾನೆ, ಕೊನೆಯ ನಿದ್ದೆ. ಅಪ್ಪ ಏನಾದರೂ ಹೇಳುತ್ತಾನೆ ಅಂತ ಎಲ್ಲರೂ ಕಾದರು. ಅಪ್ಪ ಕಾಲಿನ ಕಡೆಯಿಂದ ತಲೆಯ ಕಡೆಗೆ ಮೆಲ್ಲಗೆ ನಡೆದು, ಅಲ್ಲೇ ನಿಂತ. ಕಣ್ಣು ಒರೆಸಿಕೊಂಡ. ಆಪರೇಷನ್ ಆದ ಕಣ್ಣು, ನೋವಾಯಿತೇ ಅಂತ ಗಾಬರಿಯಾಗಿ ಕೇಳಿದೆ.

"ಅಲ್ಲವ್ವಾ, ದಿಂಬು ನೋಡು. ತಲಿ ಇಟ್ಟಲ್ಲಿ ಕುಗ್ಗೈತಿ. ಕಲ್ಲಾಗ, ಕುಗ್ಗೈತಿ!"

ಊರಿಗೆ ಬಂದ ಮೂರನೆಯ ದಿನ ಅಪ್ಪ ಉಳಿ ಚೀಲ ಹೊರಗೆ ತೆಗೆದ. ಪಾಲಿಶ್ ಫ್ಯಾಕ್ಟರಿಯವರು ಬಿಸಾಡಿದ ಕೆಂಪುಕಲ್ಲಿನ ತುಂಡೊಂದನ್ನು ಆಟೋದಲ್ಲಿ ತರಿಸಿ, ಹಿತ್ತಲಿನ ಬೇವಿನ ನೆರಳಿಗೆ ಕೂತ. ಆ ಕಲ್ಲು ತಿಂಗಳೊಪ್ಪತ್ತಿನಲ್ಲಿ ಅಡ್ಡ ಸೀಳಿಹೋಯಿತು. ಇನ್ನೊಂದು ತರಿಸಿದ. ಕೈ ನಡುಗಿದ ದಿನ ಸುಮ್ಮನೆ ಕೂತು ನೋಡುತ್ತಿದ್ದ, ಮರುದಿನ ಮತ್ತೆ ಹಿಡಿಯುತ್ತಿದ್ದ. ನಾನು ಬೇಡ ಅನ್ನಲಿಲ್ಲ.

ಯುಗಾದಿಯ ಹೊತ್ತಿಗೆ ಕಲ್ಲಿನ ದಿಂಬು ಮುಗಿಯಿತು. ಈಗ ಅದು ನಮ್ಮ ಮನೆ ಮುಂದಿನ ಕಟ್ಟೆಯ ಮೇಲಿದೆ. ನಡುವೆ ಒಂದು ತಲೆ ಇಟ್ಟು ಎದ್ದಷ್ಟು ತಗ್ಗು, ಅದರ ಸುತ್ತ ಬಟ್ಟೆ ಎಳೆದಂಥ ನಾಲ್ಕು ಸಣ್ಣ ನೆರಿಗೆ. ಬಂದವರು ಮೊದಲು ಅದರ ಮೇಲೆ ಕೈ ಒತ್ತಿ ನೋಡುತ್ತಾರೆ, ಗಟ್ಟಿಯಾಗಿರುವುದು ತಿಳಿದು ನಗುತ್ತಾರೆ. ಮೊನ್ನೆ ಹಾಲು ಹಾಕುವಾಕೆ, "ಯಾರು ಮಾಡ್ಯಾರರಿ ಟೀಚರ್ ಇದನ್ನ?" ಅಂದಳು.

"ನಮ್ಮಪ್ಪ" ಅಂದೆ. ಒಳಗಿದ್ದ ಅಪ್ಪನಿಗೆ ಕೇಳಲಿ ಅಂತ ತುಸು ಗಟ್ಟಿಯಾಗಿಯೇ ಅಂದೆ.