ಕಾರಿನ ಗಾಜಿಗೆ ಭಜಿ ಎಣ್ಣೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಾಗಂದಾಗಲೂ ನನಗೆ ಸಿಟ್ಟೇ ಬರುತ್ತದೆ.

ನಮ್ಮ ಹಳೆಯ ಕಾರಿನ ಎಡಗಡೆಯ ಮುಂದಿನ ಗಾಜು ಏರುವಾಗ, ಇಳಿಯುವಾಗ ಕಿರ್ರೋ ಎನ್ನುತ್ತಿತ್ತು. ಅದು ಅವಳು ಕೂರುವ ಬದಿ. ಜೇವರ್ಗಿಯಲ್ಲಿ ಮನೆಯ ಹತ್ತಿರವೇ ಗ್ಯಾರೇಜಿದೆ, ಮಿಸ್ತ್ರಿಗೆ ತೋರಿಸಿರಿ ಎಂದು ಹತ್ತು ಸಲ ಹೇಳಿದಳು. ಕಿರ್ರೆನ್ನುವುದಕ್ಕೆಲ್ಲ ಮಿಸ್ತ್ರಿ ಬೇಕೇ? ಒಂದು ಸಂಜೆ ಭಜಿ ಕರಿದು ಉಳಿದ ಕುಸುಬಿ ಎಣ್ಣೆ ಅಡುಗೆಮನೆಯ ಬಟ್ಟಲಲ್ಲಿ ಕಂಡಿತು. ಒಯ್ದು, ಗಾಜು ಜಾರುವ ರಬ್ಬರಿನ ಸಂದಿಗೆ ಎರಡೂ ಕಡೆ ಧಾರಾಳವಾಗಿ ಬಿಟ್ಟೆ. ಸದ್ದು ಅಲ್ಲಿಗೇ ಬಂದ್! ಮೀಸೆ ತಿರುವುತ್ತ ಒಳಗೆ ಬಂದರೆ ಅವಳು ಖಾಲಿ ಬಟ್ಟಲು ಹಿಡಿದು ನಿಂತಿದ್ದಳು.

"ಇದರಾಗಿನ ಎಣ್ಣಿ ಎಲ್ಲಿ ಹೋಯ್ತ್ರಿ?"

"ಬೆಕ್ಕು ಕುಡದಿರಬೇಕು ನೋಡು" ಎಂದೆ.

ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಆದರೂ ಹೇಳಿದೆ.

ಎರಡು ವಾರ ಗಾಜು ಬೆಣ್ಣೆಯ ಹಾಗೆ ಜಾರಿತು. ಆಮೇಲೆ ಏರುವಾಗ ನಡುವೆ ನಡುವೆ ನಿಂತು ಯೋಚಿಸತೊಡಗಿತು. ನಾನು ನೋಡಿಯೂ ನೋಡದಂತಿದ್ದೆ.

ಆ ವಾರವೇ ಯಡ್ರಾಮಿಯ ಅವಳ ತವರಿಗೆ ಹೋಗಿದ್ದೆವು. ಆ ಮನೆಯಿಂದ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು ಅವಳು, ಈಗ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಅಲ್ಲಿ ಅವಳ ಮಾತೆಂದರೆ ಮಾತು. ಹೊರಡುವಾಗ ಅವಳ ಅಣ್ಣ, ಅತ್ತಿಗೆ, ಓಣಿಯ ನಾಲ್ಕು ಮಂದಿ ಅಂಗಳದಲ್ಲಿ ನಿಂತಿದ್ದರು. ನಾವು ಕಾರು ಹತ್ತಿದ ಮೇಲೆ ಅಣ್ಣ ಶೇಂಗಾ ಹೋಳಿಗೆಯ ಡಬ್ಬಿ ಕೊಡಲು ಅವಳ ಕಿಟಕಿಗೆ ಬಗ್ಗಿದ. ಅವಳು ಸ್ವಿಚ್ ಒತ್ತಿದಳು. ಗಾಜು ನಾಲ್ಕು ಬೆರಳು ಇಳಿದು, ಕಟ್ ಎಂದು, ಒಂದು ಮೂಲೆ ಕೆಳಗಾಗಿ ವಾಲಿಬಿಟ್ಟಿತು.

ಏನಾಗಿದೆಯೆಂದು ನನಗೆ ಆ ಕ್ಷಣವೇ ಹೊಳೆಯಿತು. ಹೊಳೆದದ್ದಕ್ಕೇ ಬಾಯಿ ಜೋರಾಯಿತು.

"ಎಷ್ಟ್ ಸಲ ಹೇಳೀನಿ ನಿನಗ! ಚಟ್ನಿ ಅರದಂಗ ಒತ್ತತಿ ಸ್ವಿಚ್ಚು! ಮುರದು ಇಟ್ಟಿ ನೋಡು!"

ಅತ್ತಿಗೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ಲೆಕ್ಕದ ಟೀಚರಿಗೆ ಒಂದು ಸ್ವಿಚ್ ಒತ್ತಾಕ ಬರಂಗಿಲ್ಲಂದ್ರ!" ಎಂದು ಅಣ್ಣನೂ ನಕ್ಕ. ಅವಳು ನಗಲಿಲ್ಲ. ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಗಾಜು ಒಳಗೆ ಬೀಳದಂತೆ ಅಂಚನ್ನು ಸೆರಗಿನಿಂದ ಹಿಡಿದು ಕೂತಳು. ಜೇವರ್ಗಿ ಮುಟ್ಟುವವರೆಗೂ ಹಾಗೇ ಹಿಡಿದಿದ್ದಳು. ಲಾರಿಗಳ ಧೂಳೆಲ್ಲ ಅವಳ ತಲೆಯ ಮೇಲೆ. ನನಗೆ ನಾಚಿಕೆಯಾಗುತ್ತಿತ್ತು, ನಿಜವಾಗಿಯೂ. ಹೇಳಿಬಿಡೋಣ ಎಂದು ಬಾಯಿ ತೆರೆದಾಗಲೆಲ್ಲ, "ಬಿಸಲು ಭಾಳ ಅದ" ಎಂಬ ಮಾತೇ ಹೊರಬರುತ್ತಿತ್ತು.

ಮೂರು ದಿನ ಮನೆಯಲ್ಲಿ ಚಹಾದ ಕಪ್ಪು ಟಪ್ ಎಂದು ಕೂರುವುದೊಂದೇ ಸದ್ದು. ನಾಲ್ಕನೆಯ ದಿನ ಭಾನುವಾರ, ನಾನು ಗ್ಯಾರೇಜಿಗೆ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು.

"ನೀ ಯಾಕ? ಅಲ್ಲಿ ಕುಂದ್ರಾಕ ಜಾಗ ಸೈತ ಇರಂಗಿಲ್ಲ."

"ನಿಂದರ್ತೇನಿ."

ಮಿಸ್ತ್ರಿ ಬಾಗಿಲಿನ ಒಳಹಲಗೆ ಬಿಚ್ಚಿ, ಬ್ಯಾಟರಿ ದೀಪ ಹಚ್ಚಿ ಇಣುಕಿದ. "ಗಾಜು ಎತ್ತೋ ಮಷೀನ್ ಛಲೋ ಅದ್ರಿ ಸರ. ಗಾಜು ತಾನು ಜಾರೋ ಚಾನಲ್ ಬಿಟ್ಟು ಹೊರಗ ಬಂದದ."

"ಸ್ವಿಚ್ ಜೋರ್ ಒತ್ತಿದ್ರ ಹಿಂಗ ಆಗ್ತದೇನ್ರಿ ಮಿಸ್ತ್ರಿ?" ಅವಳು ಕೇಳಿದಳು.

"ಇಲ್ರಿ ಅಕ್ಕಾರ. ಸ್ವಿಚ್ಚಿನ ಮ್ಯಾಲ ಆನಿ ಕುಂತ್ರೂ ಗಾಜು ಹಿಂಗ ಬೀಳಂಗಿಲ್ಲ."

"ನಡಿ, ಚಹಾ ಕುಡದು ಬರೋಣು" ಎಂದೆ ನಾನು. ಅವಳು ಕದಲಲಿಲ್ಲ.

ಮಿಸ್ತ್ರಿ ರಬ್ಬರಿನ ಸಂದಿಗೆ ಬೆರಳು ಹಾಕಿದ. ಕರಿ ಅಂಟು ಮುದ್ದೆಯಾಗಿ ಬಂತು. ಮೂಸಿದ. ಇನ್ನೊಮ್ಮೆ ಮೂಸಿದ. "ಅಯ್ಯಯ್ಯ! ಭಜಿ ವಾಸನಿ ಬರಾಕತ್ತದಲ್ರಿ! ಯಾವ ಪುಣ್ಯಾತ್ಮ ಕುಸಬಿ ಎಣ್ಣಿ ಬಿಟ್ಟಾನ್ರಿ ಇಲ್ಲಿ? ಎಣ್ಣಿಗೆ ಧೂಳು ಮೆತ್ತಿ ಗಾಜು ಸಿಕ್ಕೊಂಡದ, ಮಷೀನ್ ಎಳದದ, ಗಾಜು ಹಿಡಿಯೋ ಕ್ಲಿಪ್ ಮುರದದ."

ಪುಣ್ಯಾತ್ಮ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

"ನಮ್ಮನಿ ಬೆಕ್ಕು ಕಾರ್ ರಿಪೇರಿನೂ ಕಲ್ತದೇನ್ರಿ?" ಎಂದಳು ಅವಳು, ಮೆಲ್ಲಗೆ.

ಮಿಸ್ತ್ರಿ ರಬ್ಬರನ್ನು ಸಾಬೂನು ನೀರಲ್ಲಿ ತಿಕ್ಕಿ ಒಣಗಿಸಿದ, ಗಾಜನ್ನು ಎರಡೂ ಅಂಗೈಯಲ್ಲಿ ಎತ್ತಿ ಚಾನಲ್ಲಿಗೆ ಕೂರಿಸಿದ, ಹೊಸ ಕ್ಲಿಪ್ ಹಾಕಿದ. ಕಾರು ಹತ್ತಿದ ಮೇಲೆ ನಾನೇ, "ತಪ್ಪಾತು ನಂದು" ಎಂದೆ.

"ಇಲ್ಲಿ ಹೇಳಿದ್ರ ಯಾರ್ ಕೇಳ್ತಾರ?"

"ನಿಮ್ಮಣ್ಣಗ ಫೋನ್ ಹಚ್ಚಲೇನು?"

"ಬೈದದ್ದು ಫೋನಿನ್ಯಾಗಲ್ಲ, ಅಂಗಳದಾಗ. ಕಾರ್ ಯಡ್ರಾಮಿ ಕಡೆ ಹೊಳ್ಳಸ್ರಿ."

ಹೊರಳಿಸಿದೆ, ಇನ್ನೇನು ಮಾಡಲಿ! ಅದೇ ಅಂಗಳ. ಅಣ್ಣ, ಅತ್ತಿಗೆ ಗಾಬರಿಯಿಂದ ಹೊರಗೆ ಬಂದರು, ಓಣಿಯವರೂ ಬಂದರು. ಅವಳು ಗಾಜು ಏರಿಸಿಕೊಂಡು ಕಾರಿನೊಳಗೇ ಕೂತಿದ್ದಳು. ನಾನು ಇಳಿದು, ಅವಳ ಬದಿಯ ಬಾಗಿಲ ಹತ್ತಿರ ನಿಂತು, ಕುಸುಬಿ ಎಣ್ಣೆಯಿಂದ ಹಿಡಿದು ಬೆಕ್ಕಿನವರೆಗೆ ಎಲ್ಲ ಒಪ್ಪಿಸಿದೆ. "ಆಕೀದು ಏನೂ ತಪ್ಪಿಲ್ಲ, ತಪ್ಪೆಲ್ಲ ನಂದು" ಎಂದು ಮುಗಿಸುವಷ್ಟರಲ್ಲಿ ಬೆವರು ಕಿತ್ತು ಬಂದಿತ್ತು. ಅಣ್ಣ ಈ ಸಲ ನಗಲಿಲ್ಲ.

ಅವಳು ಒಂದೇ ಬೆರಳಿನಿಂದ ಸ್ವಿಚ್ ಒತ್ತಿದಳು. ಗಾಜು ಸದ್ದಿಲ್ಲದೆ ಪೂರ್ತಿ ಕೆಳಗಿಳಿಯಿತು.

"ಗಾಜು ಮ್ಯಾಲಿತ್ತು, ನನಗೇನೂ ಕೇಳ್ಸಲಿಲ್ರಿ" ಎಂದಳು. "ಇನ್ನೊಮ್ಮೆ ಮೊದಲಿಂದ ಹೇಳ್ರಿ."