ಕಾಗೆ ಬಂಗಾರಕ್ಕೆ ಅರಿಶಿನ ಕುಂಕುಮ

ಕಲ್ಲಿಗೆ ಸ್ನಾನ ಮಾಡಿಸಿ ಮೊಮ್ಮಗಳಿಂದ ಬೈಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನಿದ್ದೇನೆ.

ಮೊಮ್ಮಗಳು ಸಿಂಚನ ಹಾಸನದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಕಲ್ಲು ಮಣ್ಣಿನ ವಿಷಯ. (ಅದಕ್ಕೂ ಕಾಲೇಜು ಬೇಕೇ ಎಂದು ಒಮ್ಮೆ ಕೇಳಿದ್ದೆ. ಆಮೇಲೆ ಕೇಳಲಿಲ್ಲ.) ಕಳೆದ ವಾರ ಪ್ರಾಕ್ಟಿಕಲ್ ಪರೀಕ್ಷೆಗೆಂದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸುತ್ತಿ, ಒಂದೊಂದು ಕಡೆಯಿಂದ ಒಂದೊಂದು ಗ್ರಾನೈಟ್ ಚೂರು ತಂದಳು. ಅವನ್ನು ಹಜಾರದಲ್ಲಿಟ್ಟು ಮಧ್ಯಾಹ್ನ ನಿದ್ದೆ ಹೋದಳು.

ನಮ್ಮಲ್ಲಿ ಒರಳಾಗಲಿ ಗುಂಡಾಗಲಿ, ಹೊಸ ಕಲ್ಲು ಮನೆಯೊಳಗೆ ಬಂದರೆ ತೊಳೆದು ಅರಿಶಿನ ಕುಂಕುಮ ಇಡಬೇಕು. ಮೂರು ಕಲ್ಲು ಹಾಗೇ ಬಂದು ಕೂತಿವೆ! ನಾನು ಸುಮ್ಮನಿರುತ್ತೇನೆಯೇ? ಹುಣಸೆಹಣ್ಣು, ತೆಂಗಿನ ನಾರು ತಗೊಂಡು ಉಜ್ಜಿದೆ. ಅಂಟಿಸಿದ್ದ ಚೀಟಿಗಳೂ ಉದುರಿದವು. ಅಂಗಡಿಯವರ ರೇಟಿನ ಚೀಟಿ ಇರಬೇಕು ಎಂದುಕೊಂಡೆ.

ಮೈಯೆಲ್ಲ ಮಿರಮಿರ ಮಿಂಚುವ ಕಲ್ಲುಗಳನ್ನು ಸಾಲಾಗಿಟ್ಟು ಬೊಟ್ಟು ಇಟ್ಟೆ. ಮೊಸರು ಕೇಳಲು ಬಂದ ಪಕ್ಕದ ಮನೆ ಜಯಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು.

"ಯಾವ್ ದ್ಯಾವ್ರಕ್ಕ ಇವು? ಭಾರಿ ಕಳೆ ಅದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ತಲೆಯಲ್ಲಿದ್ದ ಕನಕಾಂಬರ ತೆಗೆದು ಮುಡಿಸಿಯೂ ಆಯಿತು.

ಸಿಂಚನ ಎದ್ದು ಬಂದಳು. ನೋಡಿದಳು. ಅಲ್ಲೇ ಕುಕ್ಕರಿಸಿದಳು.

"ಅಜ್ಜೀ, ಏನ್ ಮಾಡ್ಬುಟ್ಟೆ! ಯಾವ್ ಕಲ್ಲು ಯಾವ್ ಊರ್ದು ಅಂತ ಚೀಟೀಲಿ ಬರ್ದಿದ್ದೆ ಕಣಜ್ಜಿ. ನಾಳೆ ಬೆಳಿಗ್ಗೆ ಪ್ರಾಕ್ಟಿಕಲ್ಲು. ಊರು ತಪ್ಪಾದ್ರೆ ಮಾರ್ಕ್ಸು ಹೋಯ್ತು!"

ಚೀಟಿಗಳೋ, ಬಚ್ಚಲಿನಲ್ಲಿ ಗಂಜಿಯಾಗಿದ್ದವು. (ಫೋನಿನಲ್ಲಿ ಫೋಟೋ ಇರಲಿಲ್ಲವೇ ಎನ್ನಬೇಡಿ. ಇದ್ದವು. ಎಲ್ಲದರಲ್ಲೂ ಅವಳದೇ ಮುಖ, ಹಿಂದೆ ಚೂರು ಬಂಡೆ.)

ಅಳುತ್ತಲೇ ಲೆನ್ಸ್ ಹಿಡಿದು ಕೂತಳು. ಮಿಂಚುವುದು ಅಭ್ರಕವಂತೆ. ನಾವು ಕಾಗೆ ಬಂಗಾರ ಎನ್ನುತ್ತಿದ್ದೆವಲ್ಲ, ಅದೇ.

"ಇದ್ರಲ್ಲಿ ಬಿಳೀ ಅಭ್ರಕ ಅದೆ, ಹೊಳೆನರಸೀಪುರದ್ದು. ಪೊಟ್ಯಾಸಿಯಂ, ಅಲ್ಯೂಮಿನಿಯಂ, ಸಿಲಿಕಾ ಇರ್ತದೆ. ಕರೀದ್ರಲ್ಲೂ ಅವೇ, ಜೊತೆಗೆ ಕಬ್ಬಿಣ, ಮೆಗ್ನೀಸಿಯಂ. ಅದ್ಕೇ ಕಪ್ಪು. ಎರಡ್ರಲ್ಲೂ ಒಸಿ ನೀರಿನಂಶ."

"ಒಳಗೇ ನೀರಿತ್ತಾ? ನಾನು ಎರಡು ಬಿಂದಿಗೆ ಸುರಿದ್ನಲ್ಲವ್ವ!"

ಅವಳು ನಗಲಿಲ್ಲ. ಉಳಿದೆರಡು ಕಲ್ಲಲ್ಲೂ ಕರಿ ಅಭ್ರಕವೇ. ಒಂದು ಅರಕಲಗೂಡಿನದು, ಇನ್ನೊಂದು ಚನ್ನರಾಯಪಟ್ಟಣದ್ದು. ಯಾವುದು ಯಾವುದು? ಲೆನ್ಸಿಗೂ ಗೊತ್ತಾಗಲಿಲ್ಲ. ಮಗು ಮತ್ತೆ ಮೂಗು ಒರೆಸಿಕೊಂಡಿತು.

"ನಂಗೆ ಕೆಮಿಸ್ಟ್ರಿ ತಿಳಿಯಾಕಿಲ್ಲ ಕಣವ್ವ," ಎಂದೆ. "ಆದ್ರೆ ಈ ಉದ್ದನೇ ಕಲ್ಲಿಗೆ ಸಗಣಿ ಅಂಟಿತ್ತು. ಬಿಡಿಸಾಕೆ ಸಾಕುಸಾಕಾಯ್ತು. ಈ ಮೊಂಡಂಗೆ ಬರೀ ಕೆಂಪು ಧೂಳು."

ಸಿಂಚನ ಎದ್ದು ನಿಂತಳು.

"ಸಗಣಿ! ಅರಕಲಗೂಡಲ್ಲಿ ಕೊಟ್ಟಿಗೆ ಹಿಂದಿನ್ ಬಂಡೆ ಒಡೆದಿದ್ದು ಕಣಜ್ಜಿ! ಎಮ್ಮೆ ಅಟ್ಟಿಸ್ಕಂಡ್ ಬಂದಿತ್ತು!"

ಅಭ್ರಕ ಹೇಳದ ಊರನ್ನು ಎಮ್ಮೆ ಹೇಳಿತು. ನಮ್ಮ ಯಜಮಾನರು ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ನಾನು ಕನಕಾಂಬರ ತೆಗೆದಿಟ್ಟು ಒಳಗೆ ಹೋದೆ.

ಮರುದಿನ ಕಾಲೇಜಿನಲ್ಲಿ ಮೇಷ್ಟ್ರು ಲೆನ್ಸ್ ಹಿಡಿದು, ಅಭ್ರಕದ ಪದರದೊಳಗೆ ಏನೋ ಹಳದಿ ಇದೆಯಲ್ಲ, ಗಂಧಕವೇ ಎಂದು ಕೇಳಿದರಂತೆ. ಅರಿಶಿನ ಸರ್ ಎಂದಳಂತೆ. ಪಾಪ, ಲೆನ್ಸ್ ಕೆಳಗಿಟ್ಟು ಕಣ್ಣು ಒರೆಸಿಕೊಂಡು ನಕ್ಕರಂತೆ. ಮಾರ್ಕ್ಸು ಕಳೆಯಲಿಲ್ಲ.

ಸಂಜೆ ರೆಕಾರ್ಡ್ ಪುಸ್ತಕ ತಂದು ತೋರಿಸಿದಳು. ಕಲ್ಲಿನ ಊರು ಗೊತ್ತಾದ ಬಗೆ ಎಂಬಲ್ಲಿ ದುಂಡಗೆ ಬರೆದಿದ್ದಳು: ಸಗಣಿಯ ಗುರುತು, ಮಾಹಿತಿ ನೀಡಿದವರು ಕೆಂಪಮ್ಮ.

ಹಳ್ಳಿ ಸ್ಕೂಲಲ್ಲಿ ಏಳನೇ ಕ್ಲಾಸಿಗೆ ಬಿಟ್ಟ ನನ್ನ ಹೆಸರು ಬಿ.ಎಸ್ಸಿ. ಪುಸ್ತಕದಲ್ಲಿ, ಅದೂ ಸಗಣಿಯ ಪಕ್ಕದಲ್ಲಿ. ನಾಚಿಕೊಳ್ಳಲೋ, ಬೀಗಲೋ, ನೀವೇ ಹೇಳಿ.