ತಂಗಿಯ ಬಾಯಲ್ಲಿ ನನ್ನ ಹಿತ್ತಲು

ನನ್ನ ತಂಗಿ ಚಿಕ್ಕಂದಿನಲ್ಲಿ ಒಂದು ಗಿಡಕ್ಕೂ ನೀರು ಹಾಕಿದವಳಲ್ಲ. ಲಿಂಗಸುಗೂರಿನಲ್ಲಿ ಅಬ್ಬಾನ ಸರ್ಕಾರಿ ಕ್ವಾರ್ಟರ್ಸಿನ ಹಿಂದೆ ಗರಸು ನೆಲ ಅಗೆದು, ಅಕ್ಕಿ ತೊಳೆದ ನೀರು ಹಾಕಿ ತೋಟ ಮಾಡಿದವಳು ನಾನು. ಅವಳು ಬಂದರೆ ಪಾತಿ ತುಳಿಯೋದಕ್ಕೆ, ಮೊಗ್ಗು ಹರಿಯೋದಕ್ಕೆ. ಅಂಥವಳು ಇಂಗ್ಲೆಂಡಿನಲ್ಲಿ ನರ್ಸಾಗಿ, ರಜೆಯ ದಿನ ಒಂದು ಹಳೇ ಕಾಲದ ತೋಟದಲ್ಲಿ ಪುಕ್ಕಟೆ ಕೆಲಸ ಮಾಡುತ್ತೇನೆ ಅಂತ ಫೋನಿನಲ್ಲಿ ಹೇಳಿದಾಗ ನಕ್ಕುಬಿಟ್ಟಿದ್ದೆ.

ಹೋದ ಬೇಸಿಗೆ ರಜೆಗೆ ಅವಳೇ ನನ್ನನ್ನು ಕರೆಸಿಕೊಂಡಳು. ನಾನು ಸಿಂಧನೂರಿನಲ್ಲಿದ್ದು, ದಿನಾ ಬಸ್ಸಿನಲ್ಲಿ ಮಸ್ಕಿಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಿಮಾನ ಹತ್ತಿದ್ದು ಅದೇ ಮೊದಲು.

ಆ ತೋಟಕ್ಕೆ ಕಾಲಿಟ್ಟ ಕೂಡಲೇ ನನ್ನ ನಗು ನಿಂತಿತು. ಯಾವುದೋ ಸಾಹುಕಾರ ಮನೆತನ ಶತಮಾನಗಳ ಹಿಂದೆ ಮಾಡಿಸಿದ್ದಂತೆ. ಕೆಂಪು ಇಟ್ಟಿಗೆಯ ಎತ್ತರದ ಗೋಡೆ, ಅದರ ತುಂಬ ದ್ರಾಕ್ಷಿಗೊನೆಯಂತೆ ಜೋತುಬಿದ್ದ ನೇರಳೆ ಹೂ. ಕತ್ತರಿಸಿ ಕತ್ತರಿಸಿ ಗೋಡೆಯಂತೆಯೇ ಮಾಡಿದ ಬೇಲಿ. ಹುಲ್ಲಿನ ಮೇಲೆ ಯಾರೂ ನೀರು ಹೊಯ್ಯುತ್ತಿರಲಿಲ್ಲ. ಜಿಟಿಜಿಟಿ ಮಳೆ ತಾನೇ ಬಂದು, ಕೆಲಸ ಮುಗಿಸಿ ಹೋಯಿತು. ಬಗ್ಗಿ ಮಣ್ಣು ಮುಟ್ಟಿ ನೋಡಿದೆ. ಬೆರಳು ಸಲೀಸಾಗಿ ಒಳಗಿಳಿಯಿತು. ಸಿಂಧನೂರಿನ ನನ್ನ ಮಾಳಿಗೆಯ ಕುಂಡಗಳಲ್ಲಿ ಮೇ ತಿಂಗಳಿಗೆ ಮಣ್ಣು ಇಟ್ಟಿಗೆಯಾಗುತ್ತದೆ. ಈ ಮಣ್ಣು, ಈ ಮಳೆ, ಗಿಡದ ಗಂಧವಿಲ್ಲದ ಇವಳ ಪಾಲಿಗೆ!

ಎಲ್ಲರೂ ಇವಳನ್ನು ಮಾತಾಡಿಸುತ್ತಿದ್ದರು. ಇವಳು ಸೊಂಟಕ್ಕೆ ಕತ್ತರಿ ಸಿಗಿಸಿಕೊಂಡು, ತನ್ನ ಮನೆಯೇ ಅನ್ನುವಂತೆ ಓಡಾಡುತ್ತಿದ್ದಳು. ಕೆಲಸದವರ ಮುಖ್ಯಸ್ಥೆ, ಹುಲ್ಲಿನ ಟೊಪ್ಪಿಗೆಯ ಒಬ್ಬ ಬಿಳಿ ಮುದುಕಿ, ಬಂದು ನನ್ನ ಕೈ ಹಿಡಿದಳು.

"ನಿಮ್ಮ ತಂಗಿ ತನ್ನ ಬಾಲ್ಯದ ತೋಟದ ಬಗ್ಗೆ ಎಲ್ಲ ಹೇಳಿದ್ದಾಳೆ. ಅಪ್ಪ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಗುಲಾಬಿ ಗಿಡ, ಎಣ್ಣೆ ಡಬ್ಬಿಯಲ್ಲಿ! ಎಷ್ಟು ಚಂದದ ಕಥೆ," ಅಂದಳು ಇಂಗ್ಲಿಷಿನಲ್ಲಿ.

ಆ ಗುಲಾಬಿ ನನ್ನದು. ನಾನು ಏಳನೇ ಕ್ಲಾಸು ಪಾಸಾದಾಗ ಅಬ್ಬಾ ರಾಯಚೂರಿನಿಂದ ನನಗಾಗಿ ತಂದದ್ದು.

ನಾವು ಅಕ್ಕ ತಂಗಿ ಮನೆಯಲ್ಲಿ ಮಾತಾಡುವುದು ದಖನಿ ಉರ್ದು. ಆದರೆ ಆ ದೇಶದಲ್ಲಿ ಉರ್ದು ತಿಳಿಯುವವರು ಯಾವ ಗಿಡದ ಹಿಂದಾದರೂ ಇರಬಹುದು. ಜಗಳಕ್ಕೆ ಕನ್ನಡವೇ ಭದ್ರ.

"ಅದು ಯಾರ ತೋಟ ಬೇ?" ಅಂದೆ.

ಅವಳು ನೆಲ ನೋಡಿದಳು. "ನಿಂದು, ಆಪಾ."

"ಮತ್ತ ಊರ ತುಂಬ ನಂದು ನಂದು ಅಂತ ಹೇಳಿಕೋತ ಅಡ್ಡಾಡಾಕತ್ತೀಯಲ್ಲ?"

"ಇಲ್ಲಿಗೆ ಬಂದ ಹೊಸದಾಗ ನನ್ನ ಕೂಡ ಮಾತಾಡೋರು ಯಾರೂ ಇದ್ದಿಲ್ಲ. ಡ್ಯೂಟಿ, ರೂಮು, ಮತ್ತ ಡ್ಯೂಟಿ. ಒಂದಿನ ಇಲ್ಲಿ ಬಂದು ಕೆಲಸ ಕೊಡ್ರಿ ಅಂದೆ. ಗಿಡದ ಬಗ್ಗೆ ಏನು ಗೊತ್ತೈತಿ ಅಂತ ಕೇಳಿದ್ರು. ನನಗ ಗೊತ್ತಿದ್ದ ತೋಟ ಅದೊಂದ. ಅದನ್ನ ಹೇಳಿದೆ."

"ನನ್ನ ಹೆಸರು ಹೇಳಿದ್ರ ನಿನ್ನ ಬಾಯಿ ಸವೀತಿತ್ತೇನು?"

ಮುದುಕಿ ಏನಾಯಿತೆಂದು ಕೇಳಿದಳು. ತಂಗಿ ಬಾಯಿ ತೆರೆಯುವ ಮೊದಲೇ ನಾನು ನನ್ನ ಕ್ಲಾಸ್‌ರೂಮಿನ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: "ಆ ಗುಲಾಬಿ ನನ್ನದು. ತೋಟವೂ ನನ್ನದೇ."

ತಂಗಿಯ ಮುಖ ಕೆಂಪಾಯಿತು. ಮುದುಕಿ ಇಬ್ಬರನ್ನೂ ನೋಡಿ, ಜೋರಾಗಿ ನಕ್ಕಳು. "ಹಾಗಾದರೆ ಪಾತಿ ತುಳಿದಿದ್ದಕ್ಕೆ ಇವಳನ್ನು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದ ಅಕ್ಕ ನೀವೇ!"

ಅದನ್ನೂ ಹೇಳಿದ್ದಳು. ಕಥೆಯಲ್ಲಿ ನಾನಿದ್ದೆ, ಪೊರಕೆ ಹಿಡಿದುಕೊಂಡು.

ಮುದುಕಿ ನನ್ನ ಕೈಗೂ ಮಣ್ಣು ತೋಡುವ ಒಂದು ಸಣ್ಣ ಕರಣೆ ಕೊಟ್ಟು, ಗೋಡೆಯ ಬುಡದಲ್ಲಿ ಸಸಿ ನೆಡಲು ಕಳಿಸಿದಳು. ನಾವಿಬ್ಬರೂ ಅಕ್ಕಪಕ್ಕ ಮಂಡಿಯೂರಿ ಕೂತೆವು. ತಂಗಿ ಬೇರನ್ನು ಬೆರಳಿಂದ ಮೆಲ್ಲಗೆ ಬಿಡಿಸಿ, ಕುಣಿಯಲ್ಲಿಟ್ಟು, ಸುತ್ತ ಮಣ್ಣು ಒತ್ತಿದಳು. ಚೆನ್ನಾಗಿಯೇ ಮಾಡಿದಳು. ನನಗಿಂತ ಚೆನ್ನಾಗಿ ಮಾಡುತ್ತಿದ್ದಾಳೇನೋ ಅನ್ನಿಸಿ ಮತ್ತಷ್ಟು ಉರಿಯಿತು.

"ಹಿಂಗ ಮಾಡಾಕ ಯಾರು ಕಲಿಸಿದ್ರು?" ಅಂದೆ.

"ನೀ ಮಾಡೋದು ನೋಡಿದ್ದೆ. ಅಡುಗಿಮನಿ ಕಿಟಕಿಯಿಂದ. ಹತ್ರ ಬಂದ್ರ ಹೊಡೀತಿದ್ದಿ."

ಇನ್ನೊಂದು ಸಸಿ ತೆಗೆದುಕೊಂಡೆ.

ಹೊಟ್ಟೆಕಿಚ್ಚು ಅಲ್ಲಿಗೇ ಆರಿತು ಅಂದರೆ ಸುಳ್ಳು. ಊರಿಗೆ ಬಂದ ಮೇಲೂ ಅವಳು ರಜೆಯ ದಿನ ತೋಟದಿಂದ ವಿಡಿಯೋ ಕಾಲ್ ಮಾಡುತ್ತಾಳೆ. ನಾನು ಮಾಳಿಗೆಯ ಮೇಲೆ ನೆರಳು ಹುಡುಕಿ ನಿಂತು ನೋಡುತ್ತೇನೆ. ಎಲ್ಲ ಹಸಿರು, ಎಲ್ಲ ಒದ್ದೆ. ಚಂದ ಐತಿ ಅನ್ನಲು ನಾಲಗೆ ಏಳುವುದಿಲ್ಲ. "ಆ ಎಡಗಡೆ ಗಿಡದ ಎಲಿ ಮ್ಯಾಲ ಕರಿ ಚುಕ್ಕಿ ಬಿದ್ದಾವ, ನೋಡು," ಅನ್ನುತ್ತೇನೆ.

"ಹೌದಲ್ಲ ಆಪಾ! ಏನು ಮಾಡ್ಲಿ?" ಅನ್ನುತ್ತಾಳೆ ಅವಳು, ಫೋನನ್ನು ಎಲೆಯ ಹತ್ತಿರ ಹಿಡಿದು. ನಾನು ಹೇಳುತ್ತಾ ಹೋಗುತ್ತೇನೆ.